ಎತ್ತು ಎಳೆದ ವಸ್ತಿ ಬಸ್ಸು

ಕಂಡಕ್ಟರನ ಚೀಲ ಹೆಗಲಿಗೇರಿಸಿದವನಿಗೆ ಒಂದು ದಿನವೂ ನೆಟ್ಟಗೆ ಹೋಗುವುದಿಲ್ಲ. ಬಸ್ಸು ಓಡಿದರೆ ಒಂದು ತಮಾಷೆ, ನಿಂತರೆ ಹತ್ತು. ಎಪ್ಪತ್ತರ ದಶಕದಲ್ಲಿ ನಮ್ಮ ಮುಷ್ಕರ ಶುರುವಾದಾಗ ನಾನು ಮತ್ತು ಡ್ರೈವರು ಸಂಗೊಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ವಸ್ತಿ ಇದ್ದೆವು. ರಾತ್ರಿ ಬಸ್ಸು ಅಲ್ಲೇ ನಿಲ್ಲುತ್ತಿತ್ತು, ಬೆಳಿಗ್ಗೆ ಬೈಲಹೊಂಗಲಕ್ಕೆ ಹೊರಡುತ್ತಿತ್ತು. ಅಂದು ಬೆಳಿಗ್ಗೆ ಸೈಕಲ್ ಮೇಲೆ ಬಂದ ಯೂನಿಯನ್ನಿನವ, "ಇವತ್ತಿಂದ ಎಂಜಿನ್ ಚಾಲೂ ಮಾಡಬ್ಯಾಡ್ರಿ, ಬಸ್ ಬಿಟ್ಟೂ ಹೋಗಬ್ಯಾಡ್ರಿ" ಎಂದು ಹೇಳಿ ಮಾಯವಾದ.

೧. ಕಿಡಕಿ ಸೀಟು

ಸುದ್ದಿ ತಿಳಿದರೆ ಜನ ಮನೆಗೆ ಹೋಗುತ್ತಾರೆ ಅಂದುಕೊಂಡಿದ್ದೆ. ಸವದತ್ತಿ ಗುಡ್ಡಕ್ಕೆ ಹೊರಟಿದ್ದ ಮುದುಕಿಯೊಬ್ಬಳು ಬುತ್ತಿಗಂಟಿನ ಸಮೇತ ಹತ್ತಿ ಕುಳಿತಳು.

"ಯವ್ವಾ, ಬಸ್ ಹೋಗೂದಿಲ್ಲ. ಮುಷ್ಕರ ಐತಿ."

"ಮಾಡ್ರಪಾ, ನಾ ಬ್ಯಾಡ ಅಂದೇನೇನು? ಮುಗದ ಮ್ಯಾಲೆ ಹೊರಡ್ರಿ."

ಅವಳನ್ನು ನೋಡಿ ಉಳಿದವರಿಗೆ ದಿಗಿಲಾಯಿತು. ಮುಷ್ಕರ ಮುಗಿದಾಗ ಜಾಗ ಸಿಗದಿದ್ದರೆ? ಸೀಟುಗಳ ಮೇಲೆ ಟವೆಲ್ಲು, ಚೀಲ, ಕೊನೆಗೆ ಒಂದು ಕುಂಬಳಕಾಯಿಯೂ ಬಂದು ಕುಳಿತವು. ನಿಂತ ಬಸ್ಸಿನ ಕಿಡಕಿ ಸೀಟಿಗಾಗಿ ಇಬ್ಬರು ಅಂಗಿ ಹಿಡಿದು ಜಗಳಾಡಿದರು. ಬಿಡಿಸಲು ಹೋದ ನನ್ನನ್ನು ಒಬ್ಬ ಗದರಿದ: "ನೀವು ಮುಷ್ಕರದಾಗ ಅದೀರಿ, ಸುಮ್ಮ ಕುಂದರ್ರಿ!"

೨. ರೊಟ್ಟಿಯ ತಕರಾರು

ನಿಜವಾದ ಸಂಕಟ ಊರ ಗೌಡರದು. ಅಂದೇ ಮಗನ ನಿಶ್ಚಯ. ಬೈಲಹೊಂಗಲದ ಬೀಗರು, ಬಸ್ಸಿಲ್ಲದ ಊರಿಗೆ ಹೆಣ್ಣು ಕೊಡುವುದಿಲ್ಲ ಎಂದು ಹಟ ಹಿಡಿದಿದ್ದರು. ಬಸ್ಸಿನಲ್ಲೇ ಬಂದು ಇಳಿಯುತ್ತೇವೆ, ಕಣ್ಣಾರೆ ನೋಡಿರಿ ಎಂದು ಗೌಡರು ಮಾತು ಕೊಟ್ಟು ಬಂದಿದ್ದರು.

"ದುಡಿಯಾಂವ ನಿಲ್ಲೂದಂದ್ರ ಏನು? ನಿಮಗ ಆ ಹಕ್ಕು ಕೊಟ್ಟವರ್ಯಾರು? ಇವತ್ತ ಇವರಿಗೆ ಊಟ ಇಲ್ಲ!" ಎಂದು ಅಬ್ಬರಿಸಿದರು.

ಗೌಡರ ಹೆಂಡತಿ ರೊಟ್ಟಿ, ಬದನೆಕಾಯಿ ಪಲ್ಯ ತಂದಿಟ್ಟು, "ಇವರ ಜಗಳ ಸರಕಾರದ ಜೋಡಿ, ರೊಟ್ಟಿ ಜೋಡಿ ಅಲ್ಲ" ಎಂದರು.

ಡ್ರೈವರ್ ರೊಟ್ಟಿ ಮುರಿಯುತ್ತ, "ಗೌಡ್ರ, ಉಪವಾಸ ಕೆಡವಿದ್ರೂ ನಾ ಎಂಜಿನ್ ಮುಟ್ಟೂದಿಲ್ರಿ" ಎಂದ.

"ಹೊಟ್ಟಿ ತುಂಬಿದ ಮ್ಯಾಲೆ?"

"ಆಗಂತೂ ನಿದ್ದಿ ಬರ್ತೈತ್ರಿ."

೩. ಯೂನಿಯನ್ ಇಲ್ಲದವರು

ಗೌಡರು ಮೀಸೆ ತಿರುವಿ ಕೇಳಿದರು: "ಎಂಜಿನ್ ಮುಟ್ಟಬಾರದು, ಖರೆ. ಸ್ಟೇರಿಂಗ್?"

ಡ್ರೈವರ್ ತಲೆ ಕೆರೆದುಕೊಂಡ. ಸ್ಟೇರಿಂಗ್ ಬಗ್ಗೆ ಯೂನಿಯನ್ನಿನವ ಏನೂ ಹೇಳಿರಲಿಲ್ಲ.

ಊರಿನ ಎತ್ತಿನ ಜೋಡಿಗಳೆಲ್ಲ ಬಸ್ಸಿನ ಮುಂದೆ ಹಗ್ಗ ಕಟ್ಟಿಸಿಕೊಂಡು ನಿಂತವು. "ಎತ್ತಿಗೆ ಯೂನಿಯನ್ ಇಲ್ಲ" ಎಂದು ಗೌಡರು ತಲೆಯ ಪಟಕಾ ಸರಿಮಾಡಿಕೊಂಡರು. ನಿಶ್ಚಯದ ಮಂದಿ ಹತ್ತಿದರು. ಮುದುಕಿ ಕದಲಲೇ ಇಲ್ಲ. ಇದಕ್ಕೆ ಟಿಕೆಟ್ ಹರಿಯಬೇಕೋ ಬೇಡವೋ ತಿಳಿಯದೆ ನಾನು ಸೀಟಿ ಊದಿದೆ. ಎತ್ತುಗಳು ಬುಸುಗುಡುತ್ತ ಹೊರಟವು.

೪. ರಸ್ತೆಯ ನಡುವೆ

ಬೈಲಹೊಂಗಲ ಕಣ್ಣಿಗೆ ಬೀಳುವಷ್ಟರಲ್ಲಿ ಮುಂದಿನ ಜೋಡಿ ಮಲಗಿಬಿಟ್ಟಿತು. ಅದನ್ನು ನೋಡಿ ಉಳಿದವೂ ಮಲಗಿದವು. ದಾರಿ ನೋಡುತ್ತಿದ್ದ ಬೀಗರು ಎದುರಿಗೇ ಬಂದುಬಿಟ್ಟರು. ಮದುಮಗನ ಮುಖ ಕಪ್ಪಿಟ್ಟಿತು. ಯಾರೋ ಒಬ್ಬ ಬಾರುಕೋಲು ಎತ್ತಿದ. ಗೌಡರು ಓಡಿಹೋಗಿ ಅವನ ಕೈ ಹಿಡಿದರು.

"ಬಡೀಬ್ಯಾಡ! ಬಾಯಿಲ್ಲದ ಜೀವ, ದಣದಾವು. ಏನ್ ಬೇಕಾಗೇತಿ ನೋಡ್ರಿ ಮೊದಲ. ನೀರು ಕುಡಸ್ರಿ, ಹತ್ತಿಕಾಳು ಹಾಕ್ರಿ."

ಡ್ರೈವರ್ ಕಿಡಕಿಯಿಂದ ತಲೆ ಹೊರಗೆ ಹಾಕಿದ. "ಗೌಡ್ರ, ಬಾಯಿದ್ದ ನಾವೂ ಅಷ್ಟ ಕೇಳಾಕತ್ತೇವ್ರಿ."

ನನಗಂತೂ ಎದೆ ಉಬ್ಬಿತು. ಗೌಡರು ನೆಲ ನೋಡುತ್ತ, "ಹೌದಪಾ, ನಿಮ್ಮದೂ ಖರೆ ಐತಿ" ಎಂದರು. ಬೀಗರು ಮುಂದೆ ಬಂದು ಅವರ ಕೈ ಹಿಡಿದುಕೊಂಡರು: "ಎತ್ತಿನ ಕಷ್ಟ ಕೇಳೂ ಮನ್ಯಾಗ ನನ್ನ ಮಗಳ ಮಾತೂ ಕೇಳ್ತೀರಿ. ಹೆಣ್ಣು ಕೊಟ್ಟೆ!"

ಎಲ್ಲ ಸುಸೂತ್ರವಾಯಿತು. ಎತ್ತುಗಳು ಹತ್ತಿಕಾಳು ತಿಂದು ಎದ್ದು ನಿಂತವು, ಎಳೆದವು. ಬಸ್ಸು ಮಾತ್ರ ನರಳುತ್ತ ಮೊಳದಷ್ಟು ಸರಿಯಿತು. ಗೌಡರು ಹತ್ತಿ ಬಂದು ಡ್ರೈವರನ ಪಕ್ಕ ಬಗ್ಗಿ ನೋಡಿದರು.

"ಡ್ರೈವರಪ್ಪ, ಹ್ಯಾಂಡ್ ಬ್ರೇಕ್ ಊರಾಗಿಂದ ಹಾಕೇ ಐತೇನು?"

"ಹೌದ್ರಿ. ಎಂಜಿನ್ ಚಾಲೂ ಮಾಡಲಾರದ, ಬ್ರೇಕ್ ಹೆಂಗ ಬಿಡ್ಲಿ, ಗೌಡ್ರ?"