ಮುಹೂರ್ತದ ಹೊತ್ತಿಗೆ ಅಪ್‌ಡೇಟ್ ಒತ್ತಿದ ನಮ್ಮ ಭಾವ

ನಮ್ಮ ಭಾವನ ಕೈಗೆ ಅಪ್ಪಿತಪ್ಪಿಯೂ ನಿಮ್ಮ ಫೋನ್ ಕೊಡಬೇಡಿ. ಕದಿಯುವ ಮನುಷ್ಯರಲ್ಲ. ಕದ್ದಿದ್ದರೆ ಪೊಲೀಸರಿಗಾದರೂ ಹೇಳಬಹುದಿತ್ತು. ಇವರು ಅಪ್‌ಡೇಟ್ ಮಾಡಿ ವಾಪಸ್ ಕೊಡುತ್ತಾರೆ! ಆಮೇಲೆ ನಿಮ್ಮ ಫೋನಿನೊಳಗೆ ನೀವೇ ಹೊಸಬರು.

ಭಾವ ಅಂದರೆ ನಮ್ಮಕ್ಕನ ಗಂಡ. ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾರೆ. ಮೊಳೆ, ಕೀಲು, ಚಿಲಕ ಮಾರುವ ನಿಜವಾದ ಹಾರ್ಡ್‌ವೇರ್. ಆದರೆ ಜೀವವೆಲ್ಲ ಸಾಫ್ಟ್‌ವೇರಿನ ಮೇಲೆ. ಅದರಲ್ಲೂ ಪರದೆಯ ಮೇಲೆ ‘ಅಪ್‌ಡೇಟ್ ಲಭ್ಯವಿದೆ’ ಎಂದು ಕಂಡರೆ, ಬಾಗಿಲಿಗೆ ಬಂದ ನೆಂಟರನ್ನು ಕಾಯಿಸಿದಷ್ಟು ಸಂಕಟ ಅವರಿಗೆ. ಒಮ್ಮೆ ಅಕ್ಕನ ಧಾರಾವಾಹಿಯಲ್ಲಿ, ಕಳೆದುಹೋದ ಸೊಸೆ ಸಿಗುವ ಹೊತ್ತಿಗೆ ಸರಿಯಾಗಿ ಟಿವಿಗೆ ಅಪ್‌ಡೇಟ್ ಒತ್ತಿಬಿಟ್ಟರು. ಸೊಸೆ ಸಿಕ್ಕಳೋ ಇಲ್ಲವೋ, ಊಟವಂತೂ ಸಿಗಲಿಲ್ಲ. ಅಕ್ಕ ಅಡುಗೆಮನೆಯೂ ಮೇಂಟೆನೆನ್ಸಿನಲ್ಲಿದೆ ಎಂದು ಹೇಳಿ ಮಂಡಕ್ಕಿ ತಟ್ಟೆ ಮುಂದಿಟ್ಟಳಂತೆ.

ಇಂಥವರು ಮನೆಯ ಮಹಡಿಯಲ್ಲಿ, ಮಾರಾಟವಾಗದ ಬಣ್ಣದ ಡಬ್ಬಗಳ ನಡುವೆ, ಒಂದು ಹಳೆಯ ಕಂಪ್ಯೂಟರ್ ಕೂರಿಸಿ ಸ್ವಂತದ ವಿಡಿಯೊ ಸರ್ವರ್ ಮಾಡಿಕೊಂಡರು. ಯಾವ ಊರಿನಲ್ಲಿ ಮದುವೆ, ಸೀಮಂತ ನಡೆದರೂ ಭಾವ ಅಲ್ಲಿ ಕ್ಯಾಮೆರಾ ಹಿಡಿಯುತ್ತಾರೆ. ಅದು ಈ ಕಂಪ್ಯೂಟರಿಗೆ ಬಂದು, ಇಲ್ಲಿಂದ ನೆಂಟರ ಟಿವಿಗಳಿಗೆ ಹೋಗುತ್ತದೆ. ಎಲ್ಲರೂ ಪುಕ್ಕಟೆಯಾಗಿ ಬಳಸುವ ಆ್ಯಪ್‌ನಲ್ಲೇ ತೋರಿಸಬಾರದೇ ಎಂದು ನಾನೊಮ್ಮೆ ಕೇಳಿದ್ದೆ.

“ನಮ್ಮನಿ ಮದುವೀನ ಬ್ಯಾರೆಯವರ ಮನ್ಯಾಗ ಯಾಕ ಮಾಡ್ಬೇಕು?” ಎಂದಿದ್ದರು.

ಮೊನ್ನೆ ನಮ್ಮಣ್ಣನ ಮಗಳ ಮದುವೆ ಪಕ್ಕದ ಹರಿಹರದಲ್ಲಿ ಆಯಿತು. ಅವ್ವ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ದಾವಣಗೆರೆಯ ವಿದ್ಯಾನಗರದ ನಮ್ಮ ಮನೆಯಲ್ಲಿ ಮಲಗಿದ್ದಳು. ಹಾಸಿಗೆಯಿಂದ ಇಳಿಸುವ ಹಾಗಿಲ್ಲ ಎಂದು ಡಾಕ್ಟರು ಹೇಳಿದ್ದರು. ಆ ಹುಡುಗಿಯನ್ನು ಎತ್ತಿ ಆಡಿಸಿ, ಜಡೆ ಹೆಣೆದು ಬೆಳೆಸಿದವಳೇ ಅವ್ವ. ಅವಳ ಜೊತೆ ನಾನು ಉಳಿದೆ. ಅತ್ತೆ ಮಲಗಿದಲ್ಲೇ ಮದುವೆ ನೋಡುತ್ತಾರೆ, ಅದು ತನ್ನ ಜವಾಬ್ದಾರಿ ಎಂದು ಭಾವ ಎಲ್ಲರೆದುರು ಮಾತು ಕೊಟ್ಟಿದ್ದರು.

ಬೆಳಿಗ್ಗೆಯೇ ಅವ್ವ ರೇಷ್ಮೆ ಸೀರೆ ಮೈಮೇಲೆ ಹೊದಿಸಿಕೊಂಡಳು. ಮುಷ್ಟಿಯಲ್ಲಿ ಅಕ್ಕಿಕಾಳು ಹಿಡಿದಳು. ಟಿವಿಯಲ್ಲಿ ಹಂದರ ಕಂಡಿತು, ಮೊಮ್ಮಗಳು ಕಂಡಳು. ಗಟ್ಟಿಮೇಳಕ್ಕೆ ಭಟ್ಟರು ಕೈ ಎತ್ತಬೇಕು, ಅಷ್ಟರಲ್ಲಿ ಪರದೆ ನೀಲಿಯಾಯಿತು. ‘ಸರ್ವರ್ ನಿರ್ವಹಣೆಯಲ್ಲಿದೆ. ದಯವಿಟ್ಟು ಕಾಯಿರಿ.’

ಮುಹೂರ್ತ ಕಾಯುತ್ತದೆಯೇ?

ನಾನು ಭಾವನಿಗೆ ಫೋನ್ ಮಾಡಿದೆ. ಅವರ ದನಿಯೇ ಇಂಗಿಹೋಗಿತ್ತು. ಸರ್ವರಿಗೆ ಮೇಂಟೆನೆನ್ಸ್ ಅಪ್‌ಡೇಟ್ ಇದೆಯೆಂದು ಮೊಬೈಲಿಗೆ ಸೂಚನೆ ಬಂದಿತ್ತಂತೆ, ಚಿಕ್ಕದು, ಪ್ರಸಾರ ನಿಲ್ಲುವುದಿಲ್ಲ ಎಂದು ಅದರಲ್ಲೇ ಬರೆದಿತ್ತಂತೆ, ಒತ್ತಿದರಂತೆ. ಸರ್ವರ್ ಮಲಗಿತು, ಏಳಲಿಲ್ಲ. ಎಬ್ಬಿಸೋಣವೆಂದರೆ ಅದು ದಾವಣಗೆರೆಯ ಅವರ ಮನೆಯ ಮಹಡಿಯಲ್ಲಿ, ಮನೆಯ ಬೀಗದ ಕೈ ಹರಿಹರದಲ್ಲಿ ಅಕ್ಕನ ಸೊಂಟದಲ್ಲಿ.

ಅಣ್ಣನ ಮಗನಿಗೆ ವಿಡಿಯೊ ಕಾಲ್ ಮಾಡಿದೆ. ಯಾರದೋ ಬೆನ್ನಿನ ಜರತಾರಿ ಕಂಡಿತು, ಫ್ಯಾನ್ ಕಂಡಿತು, ವಾಲಗ ಕೇಳಿಸಿತು. ಅಷ್ಟರಲ್ಲಿ ತಾಳಿ ಕಟ್ಟಿಯಾಗಿತ್ತು. ಅವ್ವ ಟಿವಿ ಆರಿಸು ಎಂದು ಹೇಳಿ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಮುಷ್ಟಿ ಮಾತ್ರ ಬಿಚ್ಚಲಿಲ್ಲ. ಭಾವ ಎದುರಿಗಿದ್ದಿದ್ದರೆ ನಾನು ಅವರನ್ನೇ ಅಪ್‌ಡೇಟ್ ಮಾಡುತ್ತಿದ್ದೆ.

ಸ್ವಲ್ಪ ಹೊತ್ತಿಗೆ ಅಕ್ಕನ ಫೋನ್. ಅವಳಿಗೆ ಉಸಿರೇ ಹತ್ತುತ್ತಿರಲಿಲ್ಲ. “ಮದುಮಗಳು ಕಾಣವಲ್ಲಳು ಕಣೆ. ಮದುಮಗನೂ ಇಲ್ಲ. ಬೀಗರು ಊಟದ ಎಲಿ ಮುಂದ ಕುಂತಾರೆ, ನಾ ಏನ್ ಹೇಳ್ಲಿ?”

ತಾಳಿ ಕಟ್ಟಿದ ಮೇಲೆ ಓಡಿಹೋಗುವ ಜೋಡಿಯನ್ನು ಯಾರಾದರೂ ಕೇಳಿದ್ದೀರಾ? ಮಾತು ಮುಗಿಯುವ ಮೊದಲೇ ಮನೆಮುಂದೆ ಕಾರು ನಿಂತಿತು. ಬಾಗಿಲಲ್ಲಿ ಬಾಸಿಂಗ ಕಟ್ಟಿದ ಎರಡು ಹಣೆಗಳು! ಹಿಂದೆ ಬೆವರಿನಲ್ಲಿ ತೊಯ್ದ ಭಾವ. ಕೇಳಿದರೆ ಹಿರಿಯರು ಬಿಡುವುದಿಲ್ಲವೆಂದು, ಫೋಟೊ ತೆಗೆಯಬೇಕು ಬನ್ನಿ ಎಂದು ಜೋಡಿಯನ್ನು ಹೊರಗೆ ಕರೆದು, ಕಾರಿಗೆ ಹತ್ತಿಸಿಕೊಂಡು ಬಂದುಬಿಟ್ಟಿದ್ದರು.

ಅವ್ವ ಬಾಯಿ ತೆರೆದವಳು ಮುಚ್ಚಲಿಲ್ಲ. ಭಾವ ಮಂಚದ ಹತ್ತಿರ ಬಂದು ತಲೆ ತಗ್ಗಿಸಿದರು.

“ಸರ್ವರ್ ಕೈ ಕೊಡ್ತು, ಅತ್ತಿ. ಅದಕ್ಕ ಇವ್ರನ್ನೇ ಕರ್ಕೊಂಡ್ ಬಂದೆ.”

ಮದುಮಕ್ಕಳು ಮಂಚದ ಮುಂದೆ ಮತ್ತೊಮ್ಮೆ ಹಾರ ಬದಲಾಯಿಸಿದರು. ಹುಡುಗ ತಾಳಿಯನ್ನು ಎರಡೂ ಕೈಯಲ್ಲಿ ಎತ್ತಿ ಅವ್ವನಿಗೆ ತೋರಿಸಿದ. ಅಕ್ಕಿಕಾಳು ಹಾಕಲು ಅವ್ವ ತಲೆ ಎತ್ತಹೋದಳು, ಆಗಲಿಲ್ಲ. ಭಾವ ಹಾಸಿಗೆಯ ಪಕ್ಕ ಮೊಣಕಾಲೂರಿ, ಅವಳ ಬೆನ್ನ ಕೆಳಗೆ ಎರಡೂ ಕೈ ತೂರಿಸಿ, ನೋವಾಗದಷ್ಟೇ ಮೆಲ್ಲಗೆ ಎತ್ತಿ ಹಿಡಿದರು. ಅವ್ವ ಮುಷ್ಟಿ ಬಿಚ್ಚಿದಳು. ಒಂದೂ ಕಾಳು ಗುರಿ ತಪ್ಪಲಿಲ್ಲ.

ಆಗ ಭಾವನ ಮುಖ ನೋಡಿದೆ. ಕಣ್ಣಿನಿಂದ ನೀರು ಧಾರಾಕಾರ ಇಳಿಯುತ್ತಿತ್ತು; ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಅಕ್ಕನ ಮದುವೆಯಾಗಿ ಇಷ್ಟು ವರ್ಷವಾದರೂ ಅಳಿಯನ ಎದುರು ಅವ್ವ ತಲೆಯ ಮೇಲಿನ ಸೆರಗು ಇಳಿಸಿದವಳಲ್ಲ, ಮುಖ ಕೊಟ್ಟು ಮಾತಾಡಿದವಳಲ್ಲ. ಅವತ್ತು ಅದೇ ಸೆರಗನ್ನು ಎಳೆದು ಅವರ ಕಣ್ಣೊರೆಸಿದಳು.

“ಸಾಕು ಬಿಡ್ರಿ. ನಾ ಎಲ್ಲಾ ನೋಡಿದೆ,” ಅಂದಳು.