ಅಮಾತೆಪ್ಪನ ಹೆಬ್ಬೆಟ್ಟು

ಮೂರು ತಿಂಗಳ ರಜೆ ಮುಗಿಸಿ ಅಮಾತೆಪ್ಪ ಸುರಪುರದ ತಹಸೀಲ್ ಕಚೇರಿಗೆ ಬಂದಾಗ ಅವನ ಎದೆಯೊಳಗೊಂದು ಪೇಸ್‌ಮೇಕರ್ ಇತ್ತು, ಅದರೊಳಗೊಂದು ಬ್ಯಾಟರಿ ಇತ್ತು. ಬ್ಯಾಟರಿಯ ಸಂಗತಿಯನ್ನು ಅವನು ಬಾಯಿಬಿಟ್ಟು ಹೇಳಬಾರದಿತ್ತು. ಹೇಳಿಬಿಟ್ಟ.

ಅವನಿಗೆ ಬೇಕಾಗಿದ್ದದ್ದು ಇಷ್ಟೇ: ಹಾಜರಿ ಮಷೀನಿನ ಮೇಲೆ ಹೆಬ್ಬೆಟ್ಟು ಒತ್ತಿ, ಪಹಣಿ ಕೊಡುವ ಕಿಟಕಿಯ ಹಿಂದಿನ ತನ್ನ ಕುರ್ಚಿಯಲ್ಲಿ ಕೂರುವುದು. ಇವತ್ತು ಸಂಜೆ ಐದರೊಳಗೆ ಹೆಬ್ಬೆಟ್ಟು ಬೀಳದಿದ್ದರೆ ಆ ಕುರ್ಚಿ ಬೇರೆಯವರ ಪಾಲು ಎಂದು ಆದೇಶ ಬಂದಿತ್ತು. ಮನೆಯಲ್ಲೋ, ಹೆಂಡತಿ ರೇಣುಕಾದೇವಿ ಮೂರು ತಿಂಗಳಿಂದ ಅವನನ್ನು ಜೋರಾಗಿ ಕೆಮ್ಮಲೂ ಬಿಟ್ಟಿರಲಿಲ್ಲ. ಉಪ್ಪಿಲ್ಲದ ಗಂಜಿ ಕುಡಿದು ಅವನಿಗೆ ಜೀವನವೇ ಸಾಕಾಗಿತ್ತು.

ಬೆರಳು ಚಾಚಿದ್ದೇ ತಡ, ಶಿರಸ್ತೇದಾರ ವಿಶ್ವರಾಧ್ಯ ಓಡಿಬಂದು ಕೈ ಹಿಡಿದರು.

“ಏನ್ ಮಾಡಾಕತ್ತೀರಿ ಅಮಾತೆಪ್ಪನೋರೆ! ಕರೆಂಟಿನ ಮಷೀನ್ ಅದ. ಒಳಗಿಂದು ಸುಟ್ಟು ಗಿಟ್ಟು ಹೋದ್ರ ಯಾರ್ರಿ ಜವಾಬ್ದಾರಿ?”

“ಏನೂ ಆಗಂಗಿಲ್ರಿ ಸಾಹೇಬ್ರ. ಡಾಕ್ಟರ್ ಹೇಳ್ಯಾರ.”

“ಬಾಯಿಲೆ ಹೇಳಿದ್ದು ನಡ್ಯಂಗಿಲ್ರಿ. ಕಾಗದ ತರ್ರಿ.”

ಕಚೇರಿಗೆ ಕರುಣೆ ಉಕ್ಕಿತು. ಕೆಲಸದ ಮೇಲೆ ಇಷ್ಟು ಹುರುಪು ಅಲ್ಲಿ ಯಾರೂ ಕಂಡಿರಲಿಲ್ಲ ಬಿಡಿ. ಗುಮಾಸ್ತೆ ಕುಬ್ರಾಬೇಗಂ ಎಲ್ಲರ ಮೊಬೈಲು ಕಸಿದು ಚೀಲಕ್ಕೆ ತುಂಬಿದಳು. ಫ್ಯಾನು ನಿಲ್ಲಿಸಿದರು, ಕಂಪ್ಯೂಟರು ಆರಿಸಿದರು. ಪಹಣಿಗೆ ಸಾಲುಗಟ್ಟಿ ನಿಂತ ಜನ ಬೆವರಲ್ಲಿ ತೊಯ್ದು ಬೈಯತೊಡಗಿದರು. ವಿಷಯ ತಿಳಿದ ಮೇಲೆ ಬೈಯುವುದನ್ನು ಬಿಟ್ಟು ಅವನನ್ನು ನೋಡಲು ಒಳಗೆ ನುಗ್ಗಿದರು. ರಂಗಂಪೇಟೆಯ ಮುದುಕಿ ಮಸ್ತಾನಬಿ ಅವನ ಎದೆಗೆ ಕಿವಿಯನ್ನೇ ಹಚ್ಚಿದಳು.

“ಟಿಕ್ ಟಿಕ್ ಅನ್ನವಲ್ದಲ್ಲೋ ಯಪ್ಪಾ! ಬಂದ್ ಬಿದ್ದಾದೇನು ನೋಡು.”

ಕೂಡಲೇ ಅವನನ್ನು ಬೆಂಚಿನ ಮೇಲೆ ಮಲಗಿಸಿ ಹಳೆಯ ಫೈಲುಗಳಿಂದ ಗಾಳಿ ಹಾಕಿದರು.

“ಸತ್ತಿಲ್ರಿ ನಾ!” ಅಮಾತೆಪ್ಪ ಚೀರಿದ.

“ಸಿಟ್ಟಿಗೇಳಬ್ಯಾಡ್ರಿ ಅಣ್ಣಾರ, ಬ್ಯಾಟರಿ ಖರ್ಚಾಗ್ತದ,” ಎಂದಳು ಕುಬ್ರಾಬೇಗಂ.

ಮೂರು ಗಂಟೆಗೆ ಡಾಕ್ಟರು ಫೋನಿಗೆ ಸಿಕ್ಕರು. ಫೋನನ್ನು ಅವನ ಹತ್ತಿರ ತರಲು ಯಾರೂ ಒಪ್ಪಲಿಲ್ಲ. ಕುಬ್ರಾಬೇಗಂ ಅಂಗಳದ ಬೇವಿನ ಗಿಡದ ಕೆಳಗೆ ನಿಂತು ಡಾಕ್ಟರ ಪ್ರಶ್ನೆಗಳನ್ನು ಕೂಗಿದಳು, ಅವನು ಒಳಗಿನಿಂದ ಉತ್ತರ ಕೂಗಿದ. ಹೀಗಾಗಿ ಅವನ ಹೊಟ್ಟೆ ವಾರದಿಂದ ಸರಿಯಿಲ್ಲದ್ದು ಊರಿಗೆಲ್ಲ ಗೊತ್ತಾಯಿತು.

ಡಾಕ್ಟರು ಪಾಪ, ಸಹಿ ಮಾಡಿದ ಕಾಗದವನ್ನು ವಾಟ್ಸಾಪಿನಲ್ಲಿ ಕಳಿಸಿದರು: ‘ಹಾಜರಿ ಯಂತ್ರದಿಂದ ಇವರಿಗೆ ಯಾವ ಅಪಾಯವೂ ಇಲ್ಲ.’ ಅದನ್ನು ಪ್ರಿಂಟು ತೆಗೆಯಲು ಕಂಪ್ಯೂಟರು ಚಾಲೂ ಮಾಡಬೇಕು, ಅದಕ್ಕೆ ಮೊದಲು ಅಮಾತೆಪ್ಪನನ್ನು ಹೊರಗೆ ಹಾಕಬೇಕು. ಹಾಕಿದರು. ಕಾಗದಕ್ಕೆ ನಂಬರು ಬಿದ್ದು, ಮೊಹರು ಬಿದ್ದು, ಶಿರಸ್ತೇದಾರರ ಮೇಜಿಗೆ ಬರುವ ಹೊತ್ತಿಗೆ ಐದಕ್ಕೆ ಹತ್ತು ನಿಮಿಷವಿತ್ತು.

“ಈಗ ಒತ್ರಿ,” ಎಂದು ವಿಶ್ವರಾಧ್ಯ ಅವನನ್ನು ಒಳಗೆ ಕರೆದರು.

ಮುನ್ನೆಚ್ಚರಿಕೆಗೆಂದು ಅವನನ್ನು ಮರದ ಮಣೆಯ ಮೇಲೆ ನಿಲ್ಲಿಸಿದರು. ಅಮಾತೆಪ್ಪ ಮನೆದೇವರನ್ನು ನೆನೆದು ಹೆಬ್ಬೆಟ್ಟು ಒತ್ತಿದ.

ಕರೆಂಟು ಹೋಯಿತು. ಮಷೀನಿನ ದೀಪ ಆರಿತು. ಕಚೇರಿಯಷ್ಟೇ ಅಲ್ಲ, ಇಡೀ ಸುರಪುರದ್ದೇ ಹೋಯಿತು. ದಿನಾ ಹೋಗುವ ಕರೆಂಟೇ ಅದು. ಆದರೆ ಅಂಥ ಹೊತ್ತಿನಲ್ಲಿ ಅದು ಯಾರಿಗೆ ನೆನಪಾಗುತ್ತದೆ? ಎಲ್ಲರೂ ನಾಲ್ಕು ಹೆಜ್ಜೆ ಹಿಂದೆ ಸರಿದು ಅವನ ಎದೆಯನ್ನೇ ದಿಟ್ಟಿಸಿದರು.

“ನನಗೇನೂ ಆಗಿಲ್ರಿ ಸಾಹೇಬ್ರ! ಕಾಗದದಾಗೂ ಬರ್ದಾರಲ್ರಿ!”

ವಿಶ್ವರಾಧ್ಯ ದೂರದಿಂದಲೇ ಕಾಗದ ಚಾಚಿದರು. “ಮಷೀನಿಂದ ನಿಮಗ ಧಕ್ಕಿ ಇಲ್ಲ ಅಂತ ಬರ್ದಾರ, ಖರೇ. ನಿಮ್ಮಿಂದ ಮಷೀನಿಗೆ ಧಕ್ಕಿ ಇಲ್ಲ ಅಂತ ಎಲ್ಲಿ ಬರ್ದಾರ, ತೋರಸ್ರಿ?”

ಅಮಾತೆಪ್ಪ ಕಾಗದವನ್ನು ಮೇಲಿನಿಂದ ಕೆಳಗೆ ಓದಿದ. ತಿರುಗಿಸಿ ಹಿಂದೆಯೂ ನೋಡಿದ. ಎಲ್ಲೂ ಇರಲಿಲ್ಲ. ಅಷ್ಟರಲ್ಲಿ ಐದು ಹೊಡೆಯಿತು.