ಕಾಫಿ ಲೋಟದ ಕಿಟಕಿ

ಆ ಕಿಟಕಿಯ ಮೂರನೆಯ ಸರಳು ಬಾಗಿತ್ತು, ಒಂದು ಕಾಫಿ ಲೋಟ ದಾಟುವಷ್ಟು ಮಾತ್ರ. ಮರ್ಯಾದಸ್ಥ ಹೆಂಗಸರು ಹೋಟೆಲಿನೊಳಗೆ ಕಾಲಿಡದಿದ್ದ ಕಾಲದಲ್ಲಿ, ಹೊರಗೆ ಗಾಡಿಯಲ್ಲಿ ಕೂತವರಿಗೆ ಅಲ್ಲಿಂದಲೇ ಕಾಫಿ ಕೊಡುತ್ತಿದ್ದರು.

ನನ್ನ ಸೋದರಮಾವನಿಗೆ ತಲೆ ಕೆಟ್ಟಿದೆ ಎಂದು ಇಡೀ ಮಂಡಿಪೇಟೆ ಒಪ್ಪಿದ್ದು ಅವರು ಆ ಕಿಟಕಿಯನ್ನು ಕೊಂಡಾಗ. ಕಿಟಕಿಯ ಜೊತೆಗೆ, ಮುಚ್ಚಿ ಬಾವಲಿಗಳ ಪಾಲಾಗಿದ್ದ ಹಳೆಯ ಹೋಟೆಲೂ ಬಂತು ಅನ್ನಿ! ಅದನ್ನು ರಿಪೇರಿ ಮಾಡಿಸಿ, ಹಳ್ಳಿಗಳಿಂದ ಹೈಸ್ಕೂಲಿಗೆ ಬರುವ ಹುಡುಗಿಯರಿಗೆ ಹಾಸ್ಟೆಲ್ ಮಾಡುತ್ತೇನೆ ಎಂದಾಗ ಅಮ್ಮನ ಕೈಯ ರೊಟ್ಟಿ ಜಾರಿ ಒಲೆಗೆ ಬಿತ್ತು.

"ಹೋಟ್ಲಾಗ ಹೆಣ್ಣುಡುಗ್ರನ್ನ ಇಡ್ತೀಯೇನೋ? ತಲಿ ನೆಟ್ಟಗೈತೋ ಇಲ್ಲೋ?"

"ನೆಟ್ಟಗಿದ್ದಿದ್ರೆ ಹತ್ತಿ ಮಂಡಿ ಯಾಕ ಮಾರ್ತಿದ್ದೆ ಅಕ್ಕಾ?"

ಮೈಸೂರಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಬಿ.ಎ. ಮುಗಿಸಿ ಬಂದಿದ್ದ ನಾನೂ ಆ ರಿಪೇರಿ ಕಂಡು ಬೆಚ್ಚಿದೆ. ಒಲೆಗಳಿದ್ದಲ್ಲಿ ಬಚ್ಚಲುಮನೆ, ಗಲ್ಲಾದ ಜಾಗದಲ್ಲಿ ದೇವರು! ಇಡ್ಲಿ ತಿನ್ನುತ್ತಿದ್ದ ಅಮೃತಶಿಲೆಯ ಮೇಜುಗಳು ಓದುವುದಕ್ಕೆ. ಎಷ್ಟು ಸುಣ್ಣ ಬಳಿದರೂ ಮುಂಗೋಡೆಯ 'ಕಾಫಿ ಕ್ಲಬ್' ಮತ್ತೆ ಇಣುಕುತ್ತಿತ್ತು. ಒಂದು ದಿನ ದಲಾಲರೊಬ್ಬರು ಒಳಗೆ ಬಂದು, ಟೋಪಿ ತೆಗೆದಿಟ್ಟು, "ಎರಡು ಇಡ್ಲಿ ತರ್ರಿ" ಅಂದರು.

ಮಾವ ಅಂದರು, "ಇಡ್ಲಿ ಇಲ್ರಿ ಸಾವ್ಕಾರ್ರೆ. ಮಗಳಿದ್ರೆ ನೀವೇ ತರ್ರಿ!"

ದಲಾಲರು ಟೋಪಿಯನ್ನೂ ಬಿಟ್ಟು ಓಡಿದರು.

ಮಗಳನ್ನು ತಂದವರು ಮಾತ್ರ ಯಾರೂ ಇಲ್ಲ. ಕೊನೆಗೆ ಕೊಂಡಜ್ಜಿ ಹಳ್ಳಿಯ ರೈತರೊಬ್ಬರು ಬಂದರು. ಅವರ ಹಿಂದೆ ಪುಸ್ತಕದ ಚೀಲ ಅಪ್ಪಿಕೊಂಡ ಹುಡುಗಿ.

"ಇಲ್ಲಿ ಹೆಣ್ಮಕ್ಳು ಯಾರ್ಯಾರು ಅದಾರ್ರಿ?"

"ನಿಮ್ ಮಗಳೇ ಮೊದಲು."

"ಹಂಗಾರೆ ಬ್ಯಾಡ್ರಿ. ಹೋಟ್ಲಾಗ ಒಬ್ಬಾಕಿನ್ನೇ ಬಿಟ್ರೆ ಊರಾಗ ಏನಂತಾರ? ನಾಳೆ ಬೆಳಿಗ್ಗೆ ಇದೇ ದಾರ್ಯಾಗ ಬಸ್ಸಿಗೆ ಹೋಗ್ತೀವಿ. ಆಕಿ ಓದಿದ್ದು ಸಾಕು."

ಹುಡುಗಿ ಮೇಜನ್ನೊಮ್ಮೆ ಮುಟ್ಟಿ, ಅಪ್ಪನ ಹಿಂದೆ ನಡೆದಳು.

ಮಾವ ಕಿಟಕಿಗೆ ಹೋಗಿ, ಬಾಗಿದ ಸರಳು ಹಿಡಿದು ಅವರು ಹೋದ ದಾರಿ ನೋಡಿದರು. ನಾನು ಕೇಳಿದೆ: "ಎಲ್ಲಾ ರಿಪೇರಿ ಮಾಡಿಸಿದ್ರಿ, ಆ ಸರಳು ಯಾಕೆ ಹಾಗೇ ಬಿಟ್ರಿ ಮಾವ?"

"ಸಣ್ಣಾವಿದ್ದಾಗ ಅಪ್ಪ ನನ್ನ ಒಳಗೆ ಕರ್ಕೊಂಡು ಬರ್ತಿದ್ದ. ನಿಮ್ಮಮ್ಮ ಬಿಸಿಲಾಗ, ಗಾಡ್ಯಾಗ. ಲೋಟ ಇಸ್ಕೊಂತಾ 'ಒಳಗೆ ಹೆಂಗೈತೋ?' ಅಂತ ಕೇಳೋಳು. 'ಏನೂ ಇಲ್ಲಕ್ಕಾ, ಬರೇ ಹೊಗಿ' ಅಂತಿದ್ದೆ." ಬೋಳು ಗೋಡೆಯತ್ತ ತಿರುಗಿ ಹೇಳಿದರು, "ಕನ್ನಡಿ ಇದ್ವು. ಗೋಡಿ ತುಂಬ ಕನ್ನಡಿ."

ನಮ್ಮ ಮನೆಯ ಹೆಂಗಸರ ಸೀರೆ ಬೀದಿಗೆ ಕಾಣುವಂತೆ ಎಂದೂ ಒಣಗಿದ್ದಿಲ್ಲ. ಮರುದಿನ ಬೆಳಿಗ್ಗೆ ನನ್ನ ಮೈಸೂರಿನ ಟ್ರಂಕು ಹೊರಿಸಿಕೊಂಡು, ಅಮ್ಮನ ಕೈ ಹಿಡಿದು, ಮುಂಬಾಗಿಲಿನಿಂದಲೇ ಹಾಸ್ಟೆಲಿನೊಳಗೆ ಹೋದೆ. ಸ್ನಾನ ಮಾಡಿ, ಬಸ್ಸಿಗೆ ಹೋಗುವ ಆ ಅಪ್ಪ-ಮಗಳಿಗೆ ಎದ್ದು ಕಾಣುವ ಹಾಗೆ, ನನ್ನ ಒದ್ದೆ ಸೀರೆಯ ಒಂದು ತುದಿಯನ್ನು ಆ ಬಾಗಿದ ಸರಳಿಗೆ ಕಟ್ಟಿದೆ.